ತಲೆಯ ಮೋಜಣಿ

ನನ್ನ ಗಂಡ ಹೊಲ ಅಳೆಯುವವರು. ರೋಣದಿಂದ ನರಗುಂದದವರೆಗೆ ಯಾವ ಬದುವಿನ ಮೇಲೆ ಜಗಳವಾದರೂ ಮೋಜಣಿಗೆ ಕಳಕೇಶ ಸಾಹೇಬರೇ ಬೇಕು. ಸಾಹೇಬರು ಬೇವಿನ ನೆರಳಿನಲ್ಲಿ ಕೂತು, ಯಾರ ಮನೆಯ ಮಾದಲಿ ಊಟಕ್ಕೆ ತುಪ್ಪ ಹೆಚ್ಚಿತ್ತೋ ಅವರ ಕಡೆಗೆ ಒಂದು ಮಾರು ಜಾಸ್ತಿ ಬರೆದು ಏಳುತ್ತಿದ್ದರು. ನಾನು ಕೇಳಿದರೆ, "ಹೊಲದ ಹದ್ದು ಅಂದ್ರ ಅಂದಾಜು, ನಿನಗೇನ ತಿಳಿತೈತಿ" ಎನ್ನುತ್ತಿದ್ದರು.

ಅವರಿಗೆ ಹತ್ತು ವರ್ಷದಿಂದ ಮೂರ್ಛೆ. ಗುಳಿಗೆ ಬದಲಿಸಿ ಬದಲಿಸಿ ಸಾಕಾಗಿ, ಕೊನೆಗೆ ಬೆಂಗಳೂರಿನ ದವಾಖಾನೆಯಲ್ಲಿ ಮೂರ್ಛೆ ಹುಟ್ಟುವ ಜಾಗವನ್ನೇ ಮಿದುಳಿನಿಂದ ತೆಗೆಯುತ್ತೇವೆ ಎಂದರು. ಅದರ ಮಗ್ಗುಲಲ್ಲೇ ಮಾತು ಹುಟ್ಟುವ ಜಾಗವಂತೆ. ಕೈ ಕೂದಲೆಳೆಯಷ್ಟು ಸರಿದರೂ ಮಾತು ಹೋಗಬಹುದು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಅದು ನನ್ನ ಗಂಡನನ್ನು ನೋಡಿಯೇ ಹೇಳಿದ ಮಾತು. ಬಾಯಿ ಹೋದರೆ ಉಳಿಯುವುದು ಮೀಸೆ ಒಂದೇ. ಹೀಗೆ ನಗೆಯಾಡಿದೆನೇ ಹೊರತು, ರಾತ್ರಿಯೆಲ್ಲ ದೇವರಿಗೆ ಹರಕೆ ಹೊರುತ್ತಿದ್ದೆ.

ಮೊದಲು ತಲೆ ತೆರೆದು ಮಿದುಳಿನ ಮೇಲೆ ಚುಕ್ಕೆ ಚುಕ್ಕೆಯ ತೆಳು ಹಾಳೆಯೊಂದನ್ನು ಹಾಸಿ, ಅದರ ತಂತಿಗಳನ್ನು ಹೊರಗೆ ಬಿಟ್ಟು ಪಟ್ಟಿ ಕಟ್ಟಿದರು. ಎರಡು ದಿನದ ಮೇಲೆ ಮಂಚದ ಪಕ್ಕದಲ್ಲೇ ಮೋಜಣಿ ಶುರುವಾಯಿತು. ಒಂದೊಂದು ಚುಕ್ಕೆಗೂ ಒಂದೊಂದು ನಂಬರು. ಡಾಕ್ಟರ್ ಮೇಡಂ ಒಂದು ನಂಬರಿಗೆ ಸಣ್ಣಗೆ ಕರೆಂಟು ಬಿಟ್ಟು ಚಿತ್ರ ತೋರಿಸುವುದು, ಇವರು ಅದರ ಹೆಸರು ಹೇಳುವುದು. ಹೇಳಿದರೆ ಆ ಜಾಗ ತೆಗೆಯಬಹುದು. ಬಾಯಿ ಕಟ್ಟಿದರೆ ಅದು ಮಾತಿನ ಜಾಗ, ಮುಟ್ಟುವಂತಿಲ್ಲ.

"ಕೊಡ. ಕುರ್ಚಿ. ಕುದುರಿ." ಸಾಹೇಬರು ಸರಾಗವಾಗಿ ಹೇಳುತ್ತಾ ಹೋದರು. ಇಪ್ಪತ್ಮೂರನೇ ನಂಬರಿಗೆ ಎಮ್ಮೆ ಬಂತು. ಬಾಯಿ ತೆರೆದರು, ಸೊಲ್ಲೇ ಇಲ್ಲ. ಕರೆಂಟು ನಿಂತಿದ್ದೇ, "ಎಮ್ಮಿ! ಎಮ್ಮಿರಿ ಮೇಡಂ! ಗೊತ್ತಿತ್ತರಿ, ಬಾಯಾಗ ಬರ್ಲಿಲ್ಲ!" ಎಂದು ಕೂಗಿದರು. ಅಯ್ಯೋ ಶಿವನೇ!

ಅಷ್ಟಾದರೂ ಬುದ್ಧಿ ಬಂತೇ? ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, "ಮೇಡಂಗ ಶೇಂಗಾ ಹೋಳಿಗಿ ಡಬ್ಬಿ ಕೊಡು. ಹದ್ದು ನಮ್ಮ ಕಡೆ ಒಂಚೂರು ಸಡ್ಲ ಹಿಡೀಲಿ" ಎಂದರು. ಕೊಟ್ಟೆ. ಮೇಡಂ ಒಂದನ್ನು ಮುರಿದು ತಿಂದು, "ರುಚಿಯಾಗಿದೆ. ಆದರೆ ಹದ್ದು ಇದ್ದಲ್ಲೇ ಇರುತ್ತೆ, ಕಳಕೇಶ ಅವರೇ" ಎಂದು ನಕ್ಕರು.

ಮೂವತ್ತೊಂದನೇ ನಂಬರು ಕಾಡಿಸಿತು. ಮೂರು ಸಲ ನೋಡಿದರೆ ಎರಡು ಸಲ ಹೇಳಿದರು, ಒಂದು ಸಲ ಬಾಯಿ ಕಟ್ಟಿತು. ತೆಗೆದರೆ ಮಾತಿಗೆ ಅಪಾಯ, ಬಿಟ್ಟರೆ ಮೂರ್ಛೆ ಉಳಿಯಬಹುದು. ಮೇಡಂ ಅನುಮಾನ ಅಂದದ್ದೇ ತಡ, ಇವರು ಸಿಟ್ಟಿಗೆದ್ದರು: "ಅನುಮಾನ ಇದ್ರ ಇನ್ನೊಮ್ಮೆ ಅಳೀರಿ! ಒಬ್ಬ ಮನಷ್ಯಾನ ಬಾಳೇನ ಐತಿ ಇದರಾಗ!"

ನಾನು ಕಣ್ಣು ಬಿಟ್ಟು ನೋಡಿದೆ. ಈ ಮಾತು ಈ ಬಾಯಿಂದಲೇ ಬಂತೇ?

ಮರುದಿನ ಮತ್ತೆ ನಾಲ್ಕು ಸಲ ಅಳೆದರು. ನಾಲ್ಕೂ ಸಲ ಬಾಯಿ ಕಟ್ಟಿತು. ಆ ಜಾಗ ಬಿಟ್ಟು ಉಳಿದದ್ದನ್ನು ತೆಗೆದರು. ಆಪರೇಶನ್ ಮುಗಿದು ಎಚ್ಚರವಾದಾಗ ಇವರ ಮೊದಲ ಮಾತು, "ಏ, ಚಾ ಎಲ್ಲೈತಿ?" ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ರೋಣಕ್ಕೆ ಬಂದು ತಿಂಗಳಾಯಿತು, ಮೂರ್ಛೆ ಬಂದಿಲ್ಲ. ನೋಡಲು ಬಂದವರಿಗೆಲ್ಲ ಇವರದು ಒಂದೇ ಪುರಾಣ: "ನಾ ಇನ್ನೊಮ್ಮೆ ಅಳಸಿದ್ದಕ್ಕ ಮಾತು ಉಳೀತು." ನಿನ್ನೆ ಮೆಣಸಗಿಯ ಶೇಖವ್ವ ಮೊಸರಿನ ಗಡಿಗೆ ಹಿಡಿದು ಬಂದಳು. ಹೊಳೆ ಬಂದು ಅವಳ ಹೊಲದ ಹದ್ದಿನ ಕಲ್ಲು ಕೊಚ್ಚಿಹೋದಾಗ ಇವರು ಒಂದೇ ಸಲ ಅಳೆದು, ಅವಳ ನಾಲ್ಕು ಸಾಲನ್ನು ಪಕ್ಕದವನಿಗೆ ಬರೆದಿದ್ದರು. ಅವಳು ಪುರಾಣವನ್ನೆಲ್ಲ ಕೇಳಿ ಮುಗಿಸಿ, ತಣ್ಣಗೆ ಅಂದಳು: "ಹಂಗಾರ ನಮ್ಮ ಹೊಲಾನೂ ಇನ್ನೊಮ್ಮೆ ಅಳೀರಲ್ರಿ, ಸಾಹೇಬ್ರ."

ಸಾಹೇಬರು ತಲೆ ಹಿಡಿದುಕೊಂಡು ಕಣ್ಣು ಮುಚ್ಚಿದರು. "ಭಾಳ ಮಾತಾಡಬ್ಯಾಡ ಅಂದಾರವ್ವಾ ಡಾಕ್ಟರು" ಎಂದರು ಸಣ್ಣ ದನಿಯಲ್ಲಿ.

ನಾನು ಚಹಾದ ಕಪ್ಪು ಕೆಳಗಿಟ್ಟೆ. "ಸುಳ್ಳಬೇ ಯಕ್ಕಾ. ಮಾತಾಡಿದಷ್ಟೂ ಚಲೋ ಅಂದಾರ. ಕುಂದ್ರು, ಇವ್ರು ಉತ್ತರ ಕೊಟ್ಟಮ್ಯಾಲೆ ಹೋಗೀಯಂತ."