ಹಳದಿ ಬಿಡಿಸಿದ ಕೆಂಚಿ

ಚಳಿಜ್ವರದ ಮದ್ದು ಕ್ವಿನೈನಿಗೇ ಬರ ಬಂದ ವರ್ಷವದು. ಜಪಾನಿನವರು ಜಾವಾ ಹಿಡಿದರಂತೆ, ಆ ಮದ್ದು ತೆಗೆಯುವ ಮರದ ತೊಗಟೆಯೆಲ್ಲ ಅಲ್ಲಿಂದಲೇ ಬರುತ್ತಿತ್ತಂತೆ. ಯಾರೋ ಎಲ್ಲೋ ಬಡಿದಾಡಿಕೊಂಡರೆ ಇಲ್ಲಿ ನೆಲ್ಯಹುದಿಕೇರಿಯ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಜನ ಚಳಿಜ್ವರ ಬಂದು ಕಂಬಳಿಯೊಳಗೆ ಹಲ್ಲು ಕಟಕಟಿಸುತ್ತಾ ಬಿದ್ದುಕೊಂಡರು. ಕಾಫಿ ಹೂ ಬಿಟ್ಟ ವಾರ ಕಾಂಪೌಂಡರ್ ಪರಮೇಶಪ್ಪ ಒಂದು ಡಬ್ಬಿ ಹೊಸ ಮಾತ್ರೆ ತಂದ. ಅರಿಶಿನದ ಬಣ್ಣ, ಕಹಿಯೋ ಕಹಿ.

"ಇದು ಮರದ್ದಲ್ಲ, ಕಲ್ಲಿದ್ದಲ ಟಾರಿಂದ ತೆಗ್ದಿದ್ದು," ಎಂದು ಬೆಳಗಿನ ಹಾಜರಿಯ ಹೊತ್ತಿಗೆ ಅವನು ಭಾಷಣ ಬಿಗಿದ. "ಸೀಮೆಯವರು ಬಟ್ಟೆಗೆ ಬಣ್ಣ ಮಾಡ್ತಾ ಮಾಡ್ತಾ ಕಂಡುಹಿಡಿದ ಔಷಧಿ. ನುಂಗಿದ್ರೆ ಮೈ ಹಳದಿ ಆಗುತ್ತೆ, ಆಗ್ಲಿ. ಜ್ವರ ಹತ್ರ ಸುಳಿಯಲ್ಲ. ಹೂಂ, ಬಾಯ್ ಬಿಡಿ!"

ಶನಿವಾರಸಂತೆ ಕಡೆಯ ಈ ಪರಮೇಶಪ್ಪ ಕೆಟ್ಟವನೇನಲ್ಲ. ಆದರೆ ಹೇಳಿದ ಮಾತು ಎದುರಿನವರಿಗೆ ತಲುಪಿತೋ ಇಲ್ಲವೋ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಸಾಲಿನಲ್ಲಿ ನಿಂತಿದ್ದ ಕೆಂಚಿಗೆ ತಲುಪಿದ್ದು ಒಂದೇ ಮಾತು: ಬಟ್ಟೆಯ ಬಣ್ಣ. ಗಂಡ ಹೋದ ಮೇಲೆ ಅವಳಿಗೆ ಅಂತ ಉಳಿದದ್ದು ಹದಿನಾರು ತುಂಬಿದ ಮಗಳು ಮುದ್ದಿ ಒಬ್ಬಳೇ. ಆ ಮುದ್ದಿಯ ಅಂಗೈ ಯುಗಾದಿಯ ಹೊತ್ತಿಗೆ ಹಳದಿಯಾಯಿತು, ಆಮೇಲೆ ಕೆನ್ನೆ, ಆಮೇಲೆ ಉಚ್ಚೆ. ಕೆಂಚಿಯ ಎದೆ ಧಸಕ್ಕೆಂದಿತು. ಹೆತ್ತವಳ ಎದೆ ಇನ್ನೇನು ಮಾಡಬೇಕು ಹೇಳಿ! ಅವಳ ಅವ್ವ ಕಾಮಾಲೆಗೆ ಮದ್ದು ಕೊಡುತ್ತಿದ್ದವಳು, ಈಗ ಸುತ್ತಿನ ಎಸ್ಟೇಟಿನವರೆಲ್ಲ ಆ ಮದ್ದಿಗೆ ಕೆಂಚಿಯ ಹತ್ತಿರವೇ ಬರುತ್ತಿದ್ದರು.

ಅವ್ವ ಕಲಿಸಿದಂತೆ ಮಗಳ ರೆಪ್ಪೆ ಬಿಡಿಸಿ ನೋಡಿದಳು. ಕಣ್ಣು ಬೆಳ್ಳಗಿತ್ತು. ಕಾಮಾಲೆಯಾದರೆ ಮೊದಲು ಕಣ್ಣಿಗೇ ಬರಬೇಕಲ್ಲ? ಒಂದು ಗಳಿಗೆ ಅವಳ ಮನಸ್ಸು ಹಿಂದೆಮುಂದೆ ನೋಡಿತು. ಆಮೇಲೆ, ಈ ಬಣ್ಣದ ಮಾತ್ರೆಯೇ ಕಾಮಾಲೆ ತಂದದ್ದು, ಇನ್ನೂ ಕಣ್ಣಿಗೇರಿಲ್ಲ, ಸದ್ಯ ಬೇಗ ಗೊತ್ತಾಯಿತು, ಎಂದುಕೊಂಡು ಮದ್ದಿಗೆ ಕೈ ಹಾಕಿದಳು.

"ನಾಳೆಯಿಂದ ಮಾತ್ರೇನ ನಾಲಿಗೆ ಕೆಳಗೆ ಇಟ್ಕೊ. ಕಾಂಪೌಂಡರು ಮುಂದಕ್ಕೋದ್ಮೇಲೆ ಉಗಿ."

"ಸಾನೆ ಕಹಿ ಕಣವ್ವ, ಇಟ್ಕೊಳ್ಳಾಕಾಗಲ್ಲ."

"ನಿನ್ನೇನು ಸೀರೆ ಅಂದ್ಕೊಂಡವ್ರಾ, ಬಣ್ಣ ಹಾಕಾಕೆ? ಹೇಳ್ದಷ್ಟು ಮಾಡು."

ನೆಲನೆಲ್ಲಿಯನ್ನು ಬೇರುಸಮೇತ ಅರೆದು ಮಜ್ಜಿಗೆಯಲ್ಲಿ ಕುಡಿಸಿದಳು. ಉಪ್ಪು, ಎಣ್ಣೆ, ಖಾರ ಬಿಡಿಸಿದಳು. ರಟ್ಟೆಗೆ ಬರೆ ಎಳೆದಳು, ಮುದ್ದಿ ಕಿರುಚಿದಾಗ ತಾನೂ ಅತ್ತಳು. ವೈಶಾಖ ಮುಗಿಯುವಷ್ಟರಲ್ಲಿ ಹಳದಿಯೆಲ್ಲ ಇಳಿದು ಮಗಳ ಮೈ ಮೊದಲಿನಂತಾಯಿತು. ಅಬ್ಬಾ, ಕೆಂಚಿಯ ಕೈಗುಣವೇ! ಇಡೀ ಲೈನೇ ಅವಳ ಬಾಗಿಲಿಗೆ ಬಂತು. ಯಾರಿಗೆ ಕುಡಿಸಿದರೂ ಮದ್ದು ನಾಟಿತು, ಯಾಕೆಂದರೆ ಎಲ್ಲರಿಗೂ ಅವಳು ಮೊದಲು ಮಾತ್ರೆಯನ್ನೇ ಬಿಡಿಸುತ್ತಿದ್ದಳು. ಹಾಜರಿ ಕೂಗುವ ಜಾಗದ ಹಿಂದಿನ ಮಣ್ಣೆಲ್ಲ ಹಳದಿಯಾಯಿತು. ಪರಮೇಶಪ್ಪ ಜನರ ಮುಖ ನೋಡಿ, "ನೋಡಿದ್ರಾ, ಮಾತ್ರೆ ಮೈಗೆ ಒಗ್ಗಿಹೋಯ್ತು," ಎಂದು ಖುಷಿಪಟ್ಟ. ಪುಣ್ಯಾತ್ಮ!

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಜ್ವರ ಬಂತು. ಮುದ್ದಿ ಸೋಮವಾರ ಕಳೆ ಕೀಳುವ ಕಡೆಯೇ ನಡುಗುತ್ತಾ ಕೂತಳು. ಬುಧವಾರ ಮಧ್ಯಾಹ್ನ ಅವಳಿಗೆ ಅವ್ವನ ಗುರುತೂ ಸಿಗಲಿಲ್ಲ, ಕೈಕಾಲು ಸೆಟೆದುಕೊಂಡವು. ಓಡಿ ಬಂದ ಪರಮೇಶಪ್ಪ ಮಾತ್ರೆ ಪುಡಿ ಮಾಡಿ ನೀರಲ್ಲಿ ಕದಡಿ ಬಾಯಿಗೆ ಬಿಟ್ಟ. ಅದು ಕಟವಾಯಿಯಲ್ಲಿ ಹರಿದು ಚಾಪೆಗೆ ಇಳಿಯಿತು.

"ಇದ್ಹೆಂಗಮ್ಮಾ ಆಗುತ್ತೆ?" ಅವನು ಮುದ್ದಿಯ ಬಾಯಿ ಒರೆಸಿದ. "ದಿನಾ ನನ್ನೆದುರಿಗೇ ನುಂಗ್ತಿದ್ಲಲ್ಲ!"

"ಉಗೀತಿದ್ಲು," ಎಂದಳು ಕೆಂಚಿ. "ಕಾಮಾಲೆ ಅಂತ ನಾನೇ ಹೇಳ್ಕೊಟ್ಟಿದ್ದೆ."

"ಕಾಮಾಲೆಗೆ ಮದ್ದು ಕೊಡೋಳು ನೀನು. ಕಣ್ಣು ನೋಡ್ಲಿಲ್ವಾ?"

"ನೋಡ್ದೆ."

ಮುದ್ದಿಯ ಜೀವ ಹೊತ್ತು ಮುಳುಗುವ ಮೊದಲೇ ಹೋಯಿತು. ತೊಳೆದು ಮಲಗಿಸಿದಾಗ ಅವಳ ಮುಖದಲ್ಲಿ ಹಳದಿಯ ಸುಳಿವೇ ಇರಲಿಲ್ಲ. ಅದನ್ನು ನೋಡಿ ನೋಡಿ ಕೆಂಚಿ ನೆಲಕ್ಕೆ ಹಣೆ ಚಚ್ಚಿಕೊಂಡಳು.

ಮಗಳನ್ನು ಮಣ್ಣು ಮಾಡಿದ ಎಂಟನೆಯ ದಿನ ಅದೇ ಲೈನಿನ ಮಾರನ ಹೆಂಡತಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಳು. ಮಗುವಿನ ಪಾದವೆಲ್ಲ ಹಳದಿಯಾಗಿತ್ತು.

"ನಿನ್ನ ಸಂಕಟದಲ್ಲಿ ಬರಬಾರದಿತ್ತು ಕೆಂಚಕ್ಕಾ. ಒಸಿ ಮದ್ದು ಅರೆದುಕೊಡು."

"ಕೊಡಾಕಿಲ್ಲ. ಅದು ಕಾಮಾಲೆ ಅಲ್ಲ ಕಣೆ, ಮಾತ್ರೆ ಬಣ್ಣ. ಇರ್ಲಿ ಬಿಡು. ದಿನಾ ನುಂಗ್ಸು."

"ಅಯ್ಯೋ, ಮುದ್ದಿಗಾದ್ರೆ ಬಿಡಿಸ್ದೆ. ನನ್ನ ಮಗೀಗೆ ಆಗಾಕಿಲ್ವಾ?"

"ಬಿಡಿಸ್ದೆ. ಬಿಡಿಸಿದ್ದಕ್ಕೇ ಅವಳು ಮಣ್ಣೊಳಗವ್ಳೆ. ನಾನೇ ಕೊಂದೆ ಕಣೆ ನನ್ನ ಮಗಳ್ನ!" ಕೆಂಚಿ ಅವಳ ಕಾಲು ಹಿಡಿದುಕೊಂಡಳು. "ದಮ್ಮಯ್ಯ, ಮಾತ್ರೆ ಬಿಡಿಸ್ಬ್ಯಾಡ."

ಮಾರನ ಹೆಂಡತಿಯ ಕಣ್ಣು ತುಂಬಿ ಬಂತು. ಬಗ್ಗಿ, ಕೆಂಚಿಯ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಹಂಗನ್ಬಾರದಕ್ಕಾ. ಮುದ್ದಿ ಹೋಗಿದ್ದು ಜ್ವರದಾಗೆ, ಕಾಮಾಲೆ ನೀನು ವಾಸಿ ಮಾಡಿದ್ದೆಯಲ್ಲ," ಎಂದಳು. "ನೀನು ಒಂಚೂರು ಮಲಿಕ್ಕೊ. ನಾನು ಕೆಳಗಿನ ಲೈನಿನ ಬೋಜಮ್ಮನ ತಾವ ಹೋಯ್ತೀನಿ. ಅವಳಿಗೂ ನೀನೇ ಅಲ್ವಾ ಈ ಮದ್ದು ಕಲಿಸಿಕೊಟ್ಟಿದ್ದು?"