ಬೋರ್ಡು ಆರಿದ ಮೇಲೆ

ನನ್ನ ಮಗಳಿಗೆ ಮನೆಯಲ್ಲಿ ಗಿಣಿ ಅಂತ ಹೆಸರು. ಮಾತು ಜಾಸ್ತಿ, ಕಿವಿಯೊಳಗೆ ಇಳಿಯುವುದು ಕಡಿಮೆ. ಈ ವರ್ಷ ಅವಳ ಶಾಲೆಯಲ್ಲಿ ಕೇಳಿ ಬರೆಯುವ ಪರೀಕ್ಷೆ ಅಂತ ಹೊಸದೊಂದು ಶುರುವಾಗಿದೆ. ಟೀಚರ್ ಒಂದು ಸಂಗತಿಯನ್ನು ಒಂದೇ ಸಲ ಓದುತ್ತಾರೆ, ಮಕ್ಕಳು ಮುಖ್ಯವಾದದ್ದನ್ನಷ್ಟೇ ಬರೆದುಕೊಳ್ಳಬೇಕು. ಮಧ್ಯೆ ಬಾಯಿ ಬಿಡುವಂತಿಲ್ಲ. ಮೊದಲ ಪರೀಕ್ಷೆಯಲ್ಲಿ ಟೀಚರ್ ಓದಿ ಮುಗಿಸಿದಾಗ ನಮ್ಮ ಗಿಣಿ ಇನ್ನೂ ‘ಒಂದು ದಿನ ಬೆಳಿಗ್ಗೆ’ಯನ್ನು ದುಂಡಗೆ ಬರೆಯುತ್ತಿದ್ದಳಂತೆ.

ಮತ್ತೊಮ್ಮೆ ಫೇಲಾದರೆ ಸಂಜೆಯ ವಿಶೇಷ ತರಗತಿ. ಅದು ಮುಗಿಯುವ ಹೊತ್ತಿಗೆ ಶಾಲೆಯ ವ್ಯಾನು ಹೋಗಿರುತ್ತದೆ. ಅವಳ ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ, ನನ್ನ ತಾಯಿಗೆ ಮಂಡಿನೋವು. ಕರೆದುಕೊಂಡು ಬರಲು ಉಳಿದವನು ನಾನು. ನಾನೋ, ಹಗಲು ಮನೆ ಮುಂದಿನ ಶೆಡ್ಡಿನಲ್ಲಿ ಅಂಗಡಿಗಳ ಬೋರ್ಡು ಬರೆದು ಸಂಜೆ ಐದಕ್ಕೆ ಗೋದಾಮಿನ ಕೆಲಸಕ್ಕೆ ಓಡುವವನು. ಅಲ್ಲಿನ ಸೂಪರ್‌ವೈಸರ್ ಮೊನ್ನೆಯೇ ಹೇಳಿದ್ದ: “ಇನ್ನೊಂದ್ಸಲ ಲೇಟಾದ್ರೆ ಬರೋ ಶ್ರಮಾನೇ ತಗೋಬೇಡಿ.”

ಹಾಗಾಗಿ ದಿನಾ ಶಾಲೆಯಿಂದ ಬಂದವಳನ್ನು ಎದುರಿಗೆ ಕೂರಿಸಿಕೊಂಡೆ.

“ಕಿವಿಗೊಟ್ಟು ಕೇಳು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳೆಲ್ಲ ನೀರಿನ ಬಾಟಲಿ ತಗೊಂಡು ಮೈದಾನಕ್ಕೆ ಬರಬೇಕು. ಹ್ಞಾಂ, ಏನು ಬರಕೊಂಡೆ?”

“ಮಕ್ಕಳೆಲ್ಲ.”

“ಮಕ್ಕಳೆಲ್ಲ ಏನು?”

“ಬರಬೇಕು.”

“ಎಲ್ಲಿಗೆ? ಯಾವಾಗ?”

“ಅಪ್ಪಾ, ನಿನ್ನ ಮೀಸೆಗೆ ಹಳದಿ ಪೇಂಟ್ ಅಂಟಿದೆ.”

“ಕಿವೀನ ಬಾಡಿಗೆಗೆ ಕೊಟ್ಟಿದೀಯೇನೆ?” ಅಂತ ಕೂಗಿದೆ. ಒಳಗಿನಿಂದ ನನ್ನ ತಾಯಿಯ ದನಿ ಬಂತು. “ನಿನಗೆ ಉಪ್ಪು ತಾರೋ ಅಂದ್ರೆ ಸೋಪು ತರ್ತಿದ್ದೆ. ನೂಲಿನಂತೆ ಸೀರೆ, ಅಪ್ಪನಂತೆ ಮಗಳು.”

ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. “ಯಾರು, ಏನು, ಯಾವಾಗ. ಇಷ್ಟೇ ಬರಿ. ನಾನು ಹೇಳುವಾಗ ಮಧ್ಯೆ ಬಾಯಿ ಹಾಕಬೇಡ.” ವಾರವಿಡೀ ಇದೇ ಪಾಠ, ಬೋರ್ಗಲ್ಲ ಮೇಲೆ ಮಳೆ.

ಪರೀಕ್ಷೆಗೆ ಎರಡು ದಿನ ಇದೆ ಅನ್ನುವಾಗ ಕಟಿಂಗ್ ಶಾಪಿನವನ ಬೋರ್ಡು ಮುಗಿಸಿ, ಬಣ್ಣ ಆರಲಿ ಅಂತ ಗಾಳಿಗೆ ನಿಲ್ಲಿಸಿ ಕೆಲಸಕ್ಕೆ ಹೋದೆ. ಗೋದಾಮಿನಲ್ಲಿದ್ದಾಗ ಅವನ ಫೋನು, ಬೋರ್ಡು ತೆಗೆದುಕೊಂಡು ಹೋಗಲು ಬರುತ್ತಾನಂತೆ. ತಕ್ಷಣ ಮನೆಗೆ ಫೋನು ಮಾಡಿದೆ. ಗಿಣಿಯೇ ಎತ್ತಿದಳು. ನನ್ನ ಹಿಂದೆ ಲಾರಿಯೊಂದು ಗುರುಗುಟ್ಟುತ್ತಿತ್ತು.

“ಕಟಿಂಗ್ ಶಾಪಿನವರು ಬರ್ತಾರೆ. ಬೋರ್ಡು ಆರಿದ್ಮೇಲೆ ಕೊಡು. ಗೊತ್ತಾಯ್ತಾ?”

“ಹ್ಞೂಂ, ಬರಕೊಂಡೆ.”

ಒಂದು ಪ್ರಶ್ನೆಯಿಲ್ಲ, ಹರಟೆಯಿಲ್ಲ. ಕೊನೆಗೂ ದಾರಿಗೆ ಬಂದಳು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಕಟಿಂಗ್ ಶಾಪಿನವನು ಮತ್ತೆ ಫೋನಿನಲ್ಲಿ.

“ಏನ್ರೀ, ಬೋರ್ಡು ಅಂಗಡಿಗೆ ಬರಕೊಡಿ ಅಂದ್ರೆ ನನ್ನ ಎದೆಗೇ ಬರಕೊಟ್ಟಿದೀರಲ್ಲ! ಹೊಚ್ಚ ಹೊಸ ಬಿಳಿ ಶರ್ಟು. ಇನ್ನು ನಾನೇ ಅಂಗಡಿ ಮುಂದೆ ನಿಂತ್ಕೋಬೇಕಾ?”

ಬೋರ್ಡನ್ನು ಎದೆಗೆ ಅವುಚಿಕೊಂಡು ಹೋಗಿದ್ದನಂತೆ. ಅಕ್ಷರವೆಲ್ಲ ಉಲ್ಟಾ ಮೂಡಿದೆ. ಅವನಿಗೆ ಶರ್ಟು ಕೊಡಿಸುವುದೂ ಬೋರ್ಡನ್ನು ಮತ್ತೆ ಬರೆಯುವುದೂ ನನ್ನ ಪಾಲಿಗೆ ಬಂತು.

ಮಾರನೆಯ ಬೆಳಿಗ್ಗೆ ಗಿಣಿ ತನ್ನ ಚೀಟಿ ತಂದು ತೋರಿಸಿದಳು. ‘ಕಟಿಂಗ್ ಶಾಪ್. ಬೋರ್ಡ್. 6 ಆದ ಮೇಲೆ.’

ಯಾರು, ಏನು, ಯಾವಾಗ. ನಾನು ಹೇಳಿಕೊಟ್ಟ ಹಾಗೇ ಇದೆ, ಒಂದಕ್ಷರ ಹೆಚ್ಚಿಲ್ಲ. ಚೀಟಿಯನ್ನು ಅವಳ ಮೂಗಿನ ಮುಂದೆ ಹಿಡಿದೆ.

“ಆರು ಗಂಟೆ ಅಲ್ಲ ಕಣೇ, ಬಣ್ಣ ಆರೋದು! ಯಾವ ಆರು ಅಂತ ಕೇಳೋಕೇನಾಗಿತ್ತು?”

“ಮಧ್ಯೆ ಬಾಯಿ ಹಾಕಬೇಡ ಅಂದೋರು ಯಾರು?”

“ಸರಿಯಾಗಿ ಕೊಟ್ಟಳು ನೋಡು,” ಅಂದರು ನನ್ನ ತಾಯಿ.

“ಅನುಮಾನ ಬಂದ್ರೆ ಕೇಳಬೇಕು ಕಣೇ!” ಬೀದಿಗೆಲ್ಲ ಕೇಳಿಸುವಷ್ಟು ಜೋರಾಗಿ ಕೂಗಿದೆ. ವಾರವೆಲ್ಲ ಹೇಳಿದ್ದರಲ್ಲಿ ಆ ಒಂದು ಮಾತು ಅವಳ ತಲೆಗೆ ಇಳಿಯಿತು.

ಪರೀಕ್ಷೆಯ ದಿನ ಟೀಚರ್ ಓದಿದ್ದು ಗ್ರಂಥಾಲಯಕ್ಕೆ ಹೋಗುವ ದಾರಿ. ‘ಗೇಟು ದಾಟು, ಮೆಟ್ಟಿಲು ಹತ್ತು, ಎಡಕ್ಕೆ ತಿರುಗು.’ ಇಡೀ ತರಗತಿ ತಲೆ ತಗ್ಗಿಸಿ ಬರೆಯುತ್ತಿರುವಾಗ ನಮ್ಮ ಗಿಣಿ ಎದ್ದು ನಿಂತಳು. “ಟೀಚರ್, ಮೆಟ್ಟಿಲು ಹತ್ತಾ, ಹತ್ತೋದಾ?”

ಮಕ್ಕಳೆಲ್ಲ ಹೋ ಎಂದು ನಕ್ಕರಂತೆ. ಸುಮ್ಮನಿರು ಅಂದರೆ, “ಆರು ಅಂದ್ರೆ ಆರಲ್ಲ ಟೀಚರ್, ನಮ್ಮನೇಲಿ ಶರ್ಟು ಹಾಳಾಯ್ತು,” ಅಂತ ಇವಳ ವಿವರಣೆ ಬೇರೆ. ಬರೆದದ್ದು ಅಷ್ಟೂ ಸರಿಯಿತ್ತು. ನಿಯಮ ಮುರಿದದ್ದಕ್ಕೆ ಅಂಕ ಕಳೆದರು, ಪಾಸಿಗೆ ಒಂದು ಕಡಿಮೆಯಾಯಿತು.

ಮರುದಿನ ಶಾಲೆ ಬಿಡುವ ಹೊತ್ತಿಗೆ ಗಿಣಿಯನ್ನು ಕರೆತರಲು ಹೋದಾಗ ಗೇಟಿನ ಬಳಿ ಟೀಚರ್ ಸಿಕ್ಕರು. ನನ್ನ ಹಾಗೇ ಅವರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿತ್ತು.

“ಮೇಡಂ, ಅನುಮಾನ ಬಂದ್ರೆ ಕೇಳು ಅಂದವನು ನಾನೇ.”

“ಕೇಳೋದು ತಪ್ಪು ಅಂತ ನಾನೂ ಹೇಳ್ತಿಲ್ಲ. ನಲವತ್ತು ಮಕ್ಕಳಿದಾರೆ, ಒಬ್ಬೊಬ್ರೂ ಎದ್ದು ನಿಂತ್ರೆ ನಾನು ಓದೋದು ಯಾವಾಗ? ನಾಳೆಯಿಂದ ಸಂಜೆ ತರಗತಿಗೆ ಇರಲಿ. ತಿಂಗಳ ಕೊನೆಗೆ ಇನ್ನೊಂದು ಪರೀಕ್ಷೆ ಇದೆ. ಬಾಯಿ ಮುಚ್ಕೊಂಡು ಬರೆದ್ರೆ ಆರಾಮಾಗಿ ಪಾಸಾಗ್ತಾಳೆ.”

ಅಲ್ಲೇ ನಿಂತು ಸೂಪರ್‌ವೈಸರಿಗೆ ಫೋನು ಮಾಡಿದೆ. ಈ ತಿಂಗಳೊಂದು ಒಂದು ಗಂಟೆ ತಡವಾಗಿ ಬರಲೇ ಅಂತ ಕೇಳಿದೆ. “ಒಂದು ತಿಂಗಳು ಹೇಗೋ ನೋಡ್ಕೋತೀನಿ, ಆ ಗಂಟೆಯ ಕೂಲಿ ಇಲ್ಲ,” ಅಂದ. “ಅದರ ಮೇಲೆ ಒಂದು ದಿನ ಆದ್ರೂ ಬೇರೆಯವರನ್ನ ಹಾಕ್ಕೋತೀನಿ.”

ಮನೆಗೆ ಹೋಗುವಾಗ ಗಿಣಿ ನನ್ನ ಕೈ ಜಗ್ಗಿದಳು. “ಅಪ್ಪಾ, ಮುಂದಿನ ಪರೀಕ್ಷೇಲಿ ಗೊತ್ತಾಗದಿದ್ರೆ ಕೇಳ್ಲಾ, ಸುಮ್ನಿರ್ಲಾ?”

ಸುಮ್ಮನಿರು ಅಂದರೆ ಮುಗಿಯಿತು. ಅವಳು ಪಾಸು, ನನ್ನ ಕೆಲಸ ಉಳಿಯುತ್ತದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ದಿನ ಫೋನಿನಲ್ಲಿ ಅವಳು ಏನೂ ಕೇಳದೆ ‘ಹ್ಞೂಂ, ಬರಕೊಂಡೆ’ ಅಂದದ್ದು ನೆನಪಾಯಿತು.

“ಕೇಳು,” ಅಂದೆ, ಗದರಿಸಿದ ಹಾಗೆ.

ನಾಲ್ಕು ಹೆಜ್ಜೆ ನಡೆದವಳು ನಿಂತಳು.

“ಕೋಪಕ್ಕೆ ಹೇಳಿದ್ದಾ, ನಿಜವಾಗ್ಲೂ ಹೇಳಿದ್ದಾ?”

“ಎರಡೂ ಕಣೇ, ಮಹಾತಾಯಿ. ನಡಿ.”