ಬಿಂಬುಳಿ ಅಕ್ಕ

ಚಹಾದ ಕಲೆ ಕಟ್ಟಿದ ಪಾತ್ರೆಯನ್ನು ಗಡಿಯಾರ ರಿಪೇರಿಯವನ ಹೆಂಡತಿ ಹುಳಿಹುಳಿ ಬಿಂಬುಳಿ ಕಾಯಿಯಿಂದ ಗಸಗಸ ತಿಕ್ಕುತ್ತಿದ್ದಳು. ಪಕ್ಕದ ಮನೆಯ ಸಾವಿಗೆ ಹೋಗದಿದ್ದರೆ ನಾಲ್ಕು ಜನ ಏನಂದಾರು ಎಂದು ಬಂದಿದ್ದಳು. ಆದರೆ ಹೆಣದ ಮುಂದೆ ಕೂರಲು ಮನಸ್ಸಾಗದೆ ಅಡುಗೆಮನೆ ಹೊಕ್ಕಿದ್ದಳು.

ಹೊರಗೆ, ಕಾಂಡದ ತುಂಬ ಗೊಂಚಲು ಗೊಂಚಲಾಗಿ ಅದೇ ಕಾಯಿ ಜೋತ ಮರದಡಿ, ಬಂದವರು ಸತ್ತವಳ ಮಾತೇ ಆಡುತ್ತಿದ್ದರು. ಮೂವತ್ತು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದವಳು; ಬೀದಿಗೆಲ್ಲ ಬಿಂಬುಳಿ ಅಕ್ಕ.

"ನನ್ನ ಮಗೂಗೆ ಕೆಮ್ಮು ಹಿಡಿದಾಗ ಇದರ ಹೂವಿನ ಕಷಾಯ ಮಾಡ್ಕೊಟ್ಟಿದ್ದೇ ಅಕ್ಕ," ಎಂದಳು ಟೈಲರಮ್ಮ.

"ನನಗೆ ಕೆನ್ನೆ ಬಾತಾಗ ಎಲೆ ಅರೆದು ಹಚ್ಚಿದ್ರು. ಇನ್ನು ಆ ಮೀನಿನ ಸಾರು! ನಾಲ್ಕು ಕಾಯಿ ಹಾಕಿ ಕುದಿಸಿದ್ರೆ ನಾನು ಕಾಗದ ಹಂಚೋದೇ ಮರೀತಿದ್ದೆ," ಎಂದ ಪೋಸ್ಟ್‌ಮ್ಯಾನ್. "ಕೇಳಿದೋರಿಗೆ ಇಲ್ಲ ಅಂದೋರೇ ಅಲ್ಲ."

ಒಳಗೆ ಪಾತ್ರೆ ದಡಕ್ಕನೆ ಬಿತ್ತು.

*

ಹೋದ ವರ್ಷದ ಮಾತು. ಗಂಡನಿಗೆ ಬಿಪಿ ಏರಿತ್ತು. ದಿನಾ ಒಂದು ಲೋಟ ಬಿಂಬುಳಿ ರಸ ಕುಡಿದರೆ ಇಳಿಯುತ್ತದೆಂದು ಯಾರೋ ಅಂದಿದ್ದರು. ಇವಳು ಚೀಲ ಹಿಡಿದು ಹೋದರೆ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಕೊಡಲ್ಲ ತಾಯಿ."

"ಮರದ ತುಂಬ ಇದೆಯಲ್ಲಕ್ಕಾ!"

"ಇದ್ರೂ ಕೊಡಲ್ಲ. ಬೇರೆ ಕಡೆಯಿಂದ್ಲೂ ತರಬೇಡ."

"ಯಾಕೆ ಅಂತಾದ್ರೂ ಹೇಳಿ."

ಅಕ್ಕ ಬಾಗಿಲು ಮುಚ್ಚಿದಳು.

ಅಂದಿನಿಂದ ಮಾತು ನಿಂತಿತು. ಇವಳು ಆ ಕಾಯಿಯನ್ನು ಮನೆಯೊಳಗೆ ತರಲಿಲ್ಲ. ಗೋಡೆಯಾಚೆಯಿಂದ ಅಕ್ಕ ಕರೆದರೂ ಓಗೊಡಲಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಎಂದು ಕಂಡಕಂಡವರ ಮುಂದೆ ಆಡಿಕೊಂಡಳು.

*

ಪಾತ್ರೆಯ ಸದ್ದಿಗೆ ಗಂಡ ಒಳಗೆ ಬಂದ.

"ಅಕ್ಕನ ಮೇಲೆ ಸಿಟ್ಟು ಬೇಡ ಕಣೇ. ತಪ್ಪು ನಂದು."

"ಏನು ಹಾಗಂದ್ರೆ?"

"ನನ್ನ ಕಿಡ್ನಿ ಸರಿ ಇಲ್ಲ. ಆಸ್ಪತ್ರೇಲಿ ಅಕ್ಕನ ಕಣ್ಣಿಗೆ ಬಿದ್ದೆ. ಲೋಟಗಟ್ಟಲೆ ಈ ರಸ ಕುಡಿದು ಕಿಡ್ನಿ ಕೆಡಿಸ್ಕೊಂಡೋರಿಗೆ ಉಪ್ಪಿಲ್ಲದ ಗಂಜಿ ಬೇಯಿಸಿದೋರು ಅವರು. ನೀನು ಹೆದರ್ತೀಯ ಅಂತ, ನಿನಗೆ ಹೇಳ್ಬಾರ್ದು ಅಂತ ನಾನೇ ಆಣೆ ಮಾಡಿಸ್ಕೊಂಡಿದ್ದೆ."

"ವರ್ಷ ಪೂರ್ತಿ?"

"ಮಾತ್ರೇನ ನನ್ನ ಅಂಗಡೀಲಿ ಇಟ್ಕೊಂಡಿದ್ದೀನಿ. 'ಹೇಳ್ಬಿಡಪ್ಪಾ, ನಿನ್ನ ಹೆಂಡ್ತಿ ನನ್ನ ಮುಖಾನೂ ನೋಡಲ್ಲ' ಅಂತ ಅಕ್ಕ ಮೊನ್ನೆ ಕೂಡ ಅಂದ್ರು. ನಾಳೆ ಹೇಳ್ತೀನಿ ಅಂದೆ."

ಅವಳು ಬಿದ್ದ ಪಾತ್ರೆಯನ್ನು ಎತ್ತಿ, ನಲ್ಲಿಯ ಕೆಳಗೆ ತೊಳೆದು ಕವುಚಿಟ್ಟಳು.

"ಇನ್ಮೇಲೆ ಡಾಕ್ಟರ ಹತ್ರ ನಾನೂ ಬರ್ತೀನಿ," ಎಂದಳು.

ಹೊರಗೆ ಶವದ ಗಾಡಿ ಬಂದಿತ್ತು. ಹಿಂದಿನ ಬೆಂಚು ಮನೆಯವರಿಗೆಂದು. ಅವಳು ಯಾರನ್ನೂ ಕೇಳದೆ ಹತ್ತಿದಳು. ಅಕ್ಕನ ತಮ್ಮ ಸರಿದು ಜಾಗ ಬಿಟ್ಟ. ತಿರುವಿನಲ್ಲಿ ಗಾಡಿ ಕುಲುಕಿ, ಗಾಳಿಗೆ ಹೊದಿಕೆ ಎದ್ದು ಅಕ್ಕನ ಪಾದ ಕಂಡಿತು. ಅವಳು ಬಾಗಿ ಅಂಚನ್ನು ಹಿಮ್ಮಡಿಯ ಕೆಳಗೆ ಸಿಕ್ಕಿಸಿದಳು. ಮತ್ತೆ ಹಾರದಂತೆ, ದಾರಿಯುದ್ದಕ್ಕೂ ಎರಡೂ ಕೈಯಿಂದ ಒತ್ತಿ ಹಿಡಿದು ಕೂತಳು.